ಹರಟೆಮಲ್ಲರ ತುಂಬು ಸಂಸಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗ್ಗೆ ಹಿತ್ತಲಲ್ಲಿ ಏಳೆಂಟು ಮಣ್ಣುಬಣ್ಣದ ಹಕ್ಕಿಗಳು ಒಟ್ಟಿಗೆ ಇಳಿದು, ತರಗೆಲೆ ತಿರುವಿ ಹಾಕುತ್ತಾ ಗಲಾಟೆ ಎಬ್ಬಿಸುವುದನ್ನು ನೋಡಿರುತ್ತೀರಿ. ಹಳದಿ ಕೊಕ್ಕು, ಸಿಟ್ಟು ಬಂದಂತೆ ಕಾಣುವ ಬಿಳಿಗಣ್ಣು. ಅದೇ ಕಾಡು ಹರಟೆಮಲ್ಲ. ಜಗಳಗಂಟಿ ಹಕ್ಕಿ ಅಂತ ಸುಮ್ನೆ ಹೆಸರಿಟ್ಟುಬಿಟ್ಟಿದ್ದೇವೆ. ದಯವಿಟ್ಟು ಹಾಗನ್ನಬೇಡಿ. ಅದು ಜಗಳವಲ್ಲ, ಸಂಸಾರ. 'ನಾನಿಲ್ಲಿದ್ದೀನಿ, ನೀನೆಲ್ಲಿ?' ಅಂತ ಒಂದನ್ನೊಂದು ಕೂಗಿ ಕೇಳುತ್ತಿರುತ್ತವೆ, ಅಷ್ಟೇ.

ಒಂದು ಮಳೆಗಾಲ ನಮ್ಮ ಮನೆಯ ದಾಸವಾಳದಲ್ಲಿ ಇವು ಗೂಡು ಕಟ್ಟಿದ್ದವು. ಬಟ್ಟಲಿನಂಥ ಗೂಡು, ಒಳಗೆ ಹೊಳೆಯುವ ನೀಲಿ ಮೊಟ್ಟೆಗಳು. ಮರಿಗಳಿಗೆ ಹುಳ ತರುವುದು ಅಪ್ಪ ಅಮ್ಮ ಇಬ್ಬರೇ ಅಂದುಕೊಂಡಿದ್ದೆ. ಕಿಟಕಿ ಹತ್ತಿರ ಕೂತು ನೋಡಿದರೆ, ಒಂದೇ ಕೊಂಬೆಯ ಮೇಲೆ ನಾಲ್ಕು ಹಕ್ಕಿಗಳು! ಎಲ್ಲವುಗಳ ಕೊಕ್ಕಿನಲ್ಲೂ ತುತ್ತು. ಒಂದರ ಬಾಯಲ್ಲಿ ಮಿಡತೆಯ ಕಾಲು ಇನ್ನೂ ಒದ್ದಾಡುತ್ತಿತ್ತು. ಒಂದು ತಿನ್ನಿಸಿ ಹಾರಿದ ಮೇಲೆ ಇನ್ನೊಂದು ಮುಂದೆ ಬರುತ್ತಿತ್ತು. ಹಿಂದಿನ ಸಲದ ಮಕ್ಕಳು, ಬಳಗದವರು, ಎಲ್ಲರೂ ಸೇರಿ ಸಾಕುವುದು ಇವುಗಳ ಪದ್ಧತಿ.

ಮರಿಗಳು ಗೂಡಿನಿಂದ ಹೊರಬಂದಾಗ ನೋಡಿದರೆ ಒಂದರ ತಲೆಯ ಮೇಲೆ ಪುಟ್ಟ ಜುಟ್ಟು! ಅದು ಹರಟೆಮಲ್ಲನ ಮರಿಯೇ ಅಲ್ಲ, ಚಾತಕದ ಮರಿ. ಮಳೆಹನಿಗೆ ಬಾಯ್ದೆರೆದು ಕಾಯುತ್ತದೆ ಅಂತ ಕಥೆ ಕೇಳಿದ್ದೀವಲ್ಲ, ಅದೇ ಚಾತಕ. ಅದರ ಮೊಟ್ಟೆಯೂ ನೀಲಿ, ಇವುಗಳ ಗೂಡಿನಲ್ಲೇ ಇಟ್ಟು ಹೋಗುತ್ತದೆ. ಆ ಮರಿ ಜೊತೆಯ ಮರಿಗಳನ್ನು ಕೆಳಗೆ ತಳ್ಳುವುದಿಲ್ಲ, ಜೊತೆಯಲ್ಲೇ ಬೆಳೆಯುತ್ತದೆ. ಇಡೀ ಬಳಗ ಅದಕ್ಕೂ ಓಡಾಡಿ ಉಣ್ಣಿಸಿತು. ಆ ಜುಟ್ಟಿನ ಮರಿ ರೆಕ್ಕೆ ಅದುರಿಸಿ ಬಾಯಿ ತೆರೆಯುವುದನ್ನು ನೋಡುತ್ತಾ ನಾನು ಆಫೀಸಿಗೆ ಹೋಗುವುದನ್ನೇ ಮರೆತಿದ್ದೆ.

ಸಮಯ ಜಾಸ್ತಿ ಉಳಿದಿಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಿಜ್ಞಾನಿಗಳು 2018ರಲ್ಲಿ ಇವನ್ನು ಟರ್ಡಾಯ್ಡಿಸ್ ಎಂಬ ಕುಲದಿಂದ, ಅಂದರೆ ಹತ್ತಿರದ ಬಂಧು ಹಕ್ಕಿಗಳ ಗುಂಪಿನಿಂದ, ಬಿಡಿಸಿ ಅರ್ಗ್ಯಾ ಕುಲಕ್ಕೆ ಸೇರಿಸಿದರು. ಅದೇ ಕುಲದ ಇನ್ನೊಂದು ಹರಟೆಮಲ್ಲನ ತಲೆ ತಿಳಿಬಣ್ಣದ್ದು, ಅದು ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಬಯಲುಸೀಮೆಯ ದೊಡ್ಡ ಬೂದು ಹರಟೆಮಲ್ಲ ಹಾರುವಾಗ ಬಾಲದ ಅಂಚಿನಲ್ಲಿ ಬಿಳಿ ಕಾಣುತ್ತದೆ. ಕೆಂಗಂದು ಬಣ್ಣದ್ದು ಪಶ್ಚಿಮ ಘಟ್ಟಕ್ಕೆ ಮಾತ್ರ ಸೇರಿದ್ದು. ಬಣ್ಣ ಬೇರೆಯಾದರೂ ಎಲ್ಲವೂ ಗುಂಪಾಗಿಯೇ ಬಾಳುವಂಥವು.

ಒಂದೇ ಕೋರಿಕೆ. ಹಿತ್ತಲು ಗುಡಿಸಿ ತರಗೆಲೆಗೆಲ್ಲ ಬೆಂಕಿ ಇಡುತ್ತೀರಲ್ಲ, ಒಂದು ಮೂಲೆಯಲ್ಲಾದರೂ ಸ್ವಲ್ಪ ಬಿಡಿ. ಅವುಗಳ ಹುಳ ಇರುವುದೇ ಅದರಡಿ. ನಮಸ್ಕಾರ.