ರಾತ್ರಿಗೆ ಏನು ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ.

ಆರು ಗಂಟೆಗೆ ಶುರುವಾಗಬೇಕಿತ್ತು, ಆರೂಕಾಲು ಆಯಿತು. ಪರವಾಗಿಲ್ಲ, ಏಳೂಕಾಲಿಗೆ ಮುಗಿಸುತ್ತೇನೆ. ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಮನೆಗೆ ಹೋಗಿ ಒಲೆ ಹಚ್ಚಬೇಕು. ನಾನೂ ಹಚ್ಚಬೇಕು. ಬೆಳಿಗ್ಗೆಯೇ ಹುರುಳಿಕಾಳು ನೆನೆಹಾಕಿ ಬಂದಿದ್ದೇನೆ.

ಸಂಘಟಕರು ಕೊಟ್ಟ ವಿಷಯ 'ನಮ್ಮ ಆಹಾರ ಪರಂಪರೆ'. ಒಂದು ಗಂಟೆಗೆ ಅದು ಬಹಳ ದೊಡ್ಡದು. ಅದರಲ್ಲಿ ಒಂದು ಊಟ ಮಾತ್ರ ಆರಿಸಿಕೊಂಡಿದ್ದೇನೆ. ರಾತ್ರಿ ಊಟ. ಹಬ್ಬದ್ದಲ್ಲ, ಮದುವೆ ಮನೆಯದಲ್ಲ. ಮಂಗಳವಾರ, ಬುಧವಾರ ಯಾರೂ ಬರದ ದಿನ ಮನೆಯವರಿಗೇ ಅಂತ ಮಾಡುವ ಊಟ. ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಸೊಪ್ಪು, ಕಾಳು, ತಂಗಳು, ಆಮೇಲೆ ಮನೆಯ ಗಂಡಸರು. ಎಷ್ಟಾಗುತ್ತೋ ನೋಡೋಣ.

ಇದನ್ನೇ ಯಾಕೆ ಆರಿಸಿದೆ ಅಂತ ಹೇಳುತ್ತೇನೆ. ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಫೋನ್ ಮಾಡಿದ್ದಳು. ಬೆಂಗಳೂರಿನಲ್ಲಿ ಕೆಲಸ, ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ. ಅವಳು ಹೇಳಿದಳು: "ಮಿಸ್, ರಾತ್ರಿ ಎಂಟಕ್ಕೆ ಮನೆ ಸೇರ್ತೀನಿ. ಅಡುಗೆ ಮಾಡೋಕೆ ನನಗೆ ಬೇಜಾರಿಲ್ಲ. ಏನು ಮಾಡೋದು ಅಂತ ಯೋಚನೆ ಮಾಡೋದ್ರಲ್ಲೇ ಸುಸ್ತಾಗಿಬಿಡುತ್ತೆ."

ಆ ಮಾತು ನನ್ನನ್ನು ಬಿಡಲೇ ಇಲ್ಲ. ನಲವತ್ತು ವರ್ಷದಿಂದ ನಾನು ದಿನಾ ಸಾಯಂಕಾಲ ಮಾಡುತ್ತಿರುವುದು ಅದನ್ನೇ ಅಲ್ವಾ? ಈರುಳ್ಳಿ ಹೆಚ್ಚುವುದು, ಕಾಯಿ ತುರಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯೋಚನೆ ಮಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಎಷ್ಟೇ ಜನ ಇರಲಿ, ಆ ಯೋಚನೆ ಮಾತ್ರ ಒಬ್ಬರ ತಲೆಯಲ್ಲೇ ಇರುತ್ತದೆ.

ಅವಳಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಡಬ್ಬ ತೆಗೆದು ನೋಡಮ್ಮ. ಏನು ತಿನ್ನಬೇಕು ಅಂತ ಶುರು ಮಾಡಿದರೆ ಯೋಚನೆ ಮುಗಿಯುವುದೇ ಇಲ್ಲ. ಮನೆಯಲ್ಲಿ ಏನಿದೆ ಅಂತ ಶುರು ಮಾಡಿದರೆ ಅರ್ಧ ಅಡುಗೆ ಆದಂತೆ. ಈ ಮಾತನ್ನು ಇವತ್ತು ನೀವು ಇನ್ನೂ ಎರಡು ಮೂರು ಸಲ ಕೇಳುತ್ತೀರಿ.

ಇದನ್ನು ನನಗೆ ಕಲಿಸಿದ್ದು ನಮ್ಮಜ್ಜಿ. ನಮ್ಮದು ನಾಗಮಂಗಲದ ಕಡೆ ಒಂದು ಸಣ್ಣ ಹಳ್ಳಿ. ಆ ಕಡೆಯವರು ಇಲ್ಲಿ ಇದ್ದೀರಿ, ತಲೆ ಆಡಿಸುತ್ತಿದ್ದೀರಿ. ಮುದ್ದೆಗೆ ನಾವು ಮುದ್ದೆ ಅನ್ನುವುದೇ ಕಡಿಮೆ, ಹಿಟ್ಟು ಅನ್ನುತ್ತೇವೆ. ನಾನಾಗ ಏಳನೇ ಕ್ಲಾಸು. ನನ್ನ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಭಾನುವಾರ ಬೆಳಿಗ್ಗೆ ಬರಬೇಕಿತ್ತು. ಅವರು ಶನಿವಾರ ಸಾಯಂಕಾಲವೇ ಬಂದುಬಿಟ್ಟರು. ಬೆಳಗಿನ ಬಸ್ಸು ಮಳೆಗೆ ಬರುತ್ತೋ ಇಲ್ಲವೋ ಅಂತ ಯಾರೋ ಅವರಿಗೆ ಹೇಳಿದ್ದರಂತೆ. ಒಬ್ಬರಲ್ಲ, ಇಬ್ಬರಲ್ಲ, ಏಳು ಜನ. ನಾವೇ ಒಂಬತ್ತು ಜನ ಇದ್ದೆವು.

ಮನೆಯಲ್ಲಿ ಏನಿತ್ತು? ನಾಳೆಯ ಕೇಸರಿಬಾತ್, ಉಪ್ಪಿಟ್ಟಿಗೆ ಅಂತ ತಂದ ರವೆ, ಸಕ್ಕರೆ ಇತ್ತು. ಅಕ್ಕಿ ಎರಡು ಸೇರು, ಅದೂ ನಾಳೆಗೇ. ಶ್ರಾವಣ ಅಲ್ವಾ, ಕೋಳಿ ಕುಯ್ಯುವ ಹಾಗಿಲ್ಲ. ಕರೆಂಟ್ ಹೋಗಿತ್ತು. ಅಂಗಡಿಗೆ ಹೋಗಬೇಕು ಅಂದರೆ ಮೂರು ಮೈಲಿ. ನಮ್ಮ ಚಿಕ್ಕಮ್ಮ ಅಡುಗೆಮನೆ ಮೂಲೆಯಲ್ಲಿ ನಿಂತು ಅಳುವುದಕ್ಕೆ ಶುರು ಮಾಡಿದರು. ಮಾನ ಹೋಯಿತು ಅಂತ.

ಅಜ್ಜಿ ಏನೂ ಮಾತಾಡಲಿಲ್ಲ. ಒಂದೊಂದೇ ಮಡಕೆ ಮುಚ್ಚಳ ತೆಗೆದು ಕೈ ಹಾಕಿ ನೋಡಿದರು. ಒಂದರಲ್ಲಿ ರಾಗಿಹಿಟ್ಟು. ಇನ್ನೊಂದರಲ್ಲಿ ಹೆಸರುಕಾಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಇದ್ದೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಇದ್ದದ್ದ ಇದ್ದಂಗೆ ಇಕ್ಕಿದ್ರೆ ಯಾವ ಮಾನ ಓದದು ಮಗಾ? ನೀ ಓಗು, ಬ್ಯಾಟ್ರಿ ತಕಂಡು ಸೊಪ್ಪು ಕಿತ್ಕಂಡ್ ಬಾ."

ಬೆರಕೆ ಸೊಪ್ಪು ಅಂದರೆ ನಿಮಗೆ ಗೊತ್ತು. ಇಂಥದ್ದೇ ಸೊಪ್ಪು ಅಂತಿಲ್ಲ. ಮಳೆ ಬಿದ್ದ ಮೇಲೆ ಹಿತ್ತಲಲ್ಲಿ, ಬೇಲಿ ಬುಡದಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಎದ್ದ ಸೊಪ್ಪೆಲ್ಲ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೀರೆ, ಹೊನಗೊನೆ, ಎರಡು ಎಳೆ ಕುಂಬಳದ ಕುಡಿ. ನಾನು, ನನ್ನ ತಂಗಿ ಮಳೆಯಲ್ಲಿ ತಲೆ ಮೇಲೆ ಗೋಣಿಚೀಲ ಹಾಕಿಕೊಂಡು ಹೋದೆವು. ತಂದಿದ್ದನ್ನು ಅಜ್ಜಿ ಬುಡ್ಡಿ ದೀಪದ ಮುಂದೆ ಹರಡಿಕೊಂಡು ಸೋಸಿದರು. ಗೊತ್ತಾಗದ ಎಲೆಯನ್ನು ಹಿಸುಕಿ ಮೂಸಿ ನೋಡುತ್ತಿದ್ದರು. ಎರಡು ಎಲೆ ಆಚೆ ಎಸೆದರು. ಯಾಕೆ ಅಂತ ಕೇಳಿದೆ. "ಅದು ದನಕ್ಕೆ" ಅಂದರು, ಅಷ್ಟೇ.

ಕಾಳು ಬೆಂದಿತು, ಸೊಪ್ಪು ಬೆಂದಿತು, ಉಪ್ಪು ಹಾಕಿ ಬಸಿದರು. ಬಸಿದ ನೀರೇ ಉಪ್ಪುಸಾರು. ಉಳಿದ ಸೊಪ್ಪು, ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಪಲ್ಯ. ಮೆಣಸಿನಕಾಯಿ ಹುರಿದು, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಹುಣಸೆ, ಉಪ್ಪು ಇಟ್ಟು ಒರಳಲ್ಲಿ ನುಣ್ಣಗೆ ಅರೆದರೆ ಖಾರ. ಆ ಖಾರ ಸಾರಿಗೆ ಬೀಳುವುದಿಲ್ಲ. ತಟ್ಟೆಯ ಅಂಚಿನಲ್ಲಿ ಇಡುತ್ತಾರೆ. ಅವರವರಿಗೆ ಬೇಕಾದಷ್ಟು ಅವರವರೇ ಕಲಸಿಕೊಳ್ಳಬೇಕು. ಮಗುವಿಗೆ ಒಂದು ಚೂರು, ಅಜ್ಜನಿಗೆ ಒಂದು ಉಂಡೆ. ಹದಿನಾರು ಜನಕ್ಕೆ ಒಂದೇ ಸಾರು, ಹದಿನಾರು ರುಚಿ. ಇದಕ್ಕಿಂತ ಬುದ್ಧಿವಂತ ಅಡುಗೆಯನ್ನು ನಾನು ಇವತ್ತಿಗೂ ನೋಡಿಲ್ಲ.

ಗಂಡಿನ ತಂದೆ ದೊಡ್ಡ ಆಳು. ಮೊದಲನೇ ಮುದ್ದೆ ಮಾತಿಲ್ಲದೆ ಉಂಡರು. ಎರಡನೇದಕ್ಕೆ ಕೈ ಒಡ್ಡಿದರು. ಮೂರನೇದನ್ನು ಅರ್ಧ ಮಾಡಿ ಹಾಕಿ ಅಂದರು. ಅಜ್ಜಿ ಪೂರ್ತಿಯೇ ಹಾಕಿದರು. ಚಿಕ್ಕಮ್ಮ ಬಾಗಿಲ ಸಂದಿಯಿಂದ ನೋಡಿ ಕಣ್ಣೊರೆಸಿಕೊಂಡರು.

ಆ ಸಂಬಂಧ ಕೂಡಿಬರಲಿಲ್ಲ. ಜಾತಕ ಸರಿಹೋಗಲಿಲ್ಲ ಅಂದರು. ಅಕ್ಕನಿಗೆ ಆಮೇಲೆ ಬೇರೆ ಒಳ್ಳೆಯ ಕಡೆ ಆಯಿತು. ಆದರೆ ಆ ಯಜಮಾನರು ಸಂತೆಯಲ್ಲಿ ನಮ್ಮನ್ನು ಕಂಡಾಗಲೆಲ್ಲ ನಿಲ್ಲಿಸಿ ಕೇಳುತ್ತಿದ್ದರು: "ನಿಮ್ಮಜ್ಜಿ ಆ ಉಪ್ಸಾರ್ ಖಾರ ಇನ್ನೂ ಅಂಗೇ ಅರೀತಾರಾ ಮಗಾ?" ಅಜ್ಜಿ ತೀರಿಕೊಂಡಾಗ ಅವರು ಮಣ್ಣಿಗೆ ಬಂದಿದ್ದರು. ನೆಂಟಸ್ತಿಕೆ ಏನೂ ಇರಲಿಲ್ಲ. ಒಂದು ರಾತ್ರಿ ಊಟ ಇತ್ತು.

ನೋಡಿ, ಈ ಕತೆ ಹೇಳಲು ಕೂತರೆ ನನಗೆ ಹೊತ್ತು ತಿಳಿಯುವುದಿಲ್ಲ. ಆದರೂ ಆ ಮುದ್ದೆಯ ರಾಗಿ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ವರ್ಷ ನಮ್ಮಪ್ಪ ಹೊಲಕ್ಕೆ ಹಾಕಿದ್ದು ಇಂಡಾಫ್ ರಾಗಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತಂದ ತಳಿ. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ರಾಗಿಯ ಮೂಲ ಆಫ್ರಿಕಾವೇ ತಾನೇ? ಸಾವಿರಾರು ವರ್ಷದ ಹಿಂದೆ ಬಂದ ಕಾಳಿಗೆ ತವರಿನ ನೆಂಟರನ್ನು ಮತ್ತೆ ಕೂಡಿಸಿದರು ಅವರು. ಇಳುವರಿ ಬಹಳ ಹೆಚ್ಚಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಹದಿನಾರು ಜನಕ್ಕೆ ಅಜ್ಜಿ ಧೈರ್ಯವಾಗಿ ಎಸರಿಟ್ಟರಲ್ಲ, ಆ ಧೈರ್ಯದಲ್ಲಿ ಅವರದ್ದೂ ಪಾಲಿದೆ ಅಂತ ನಾನು ನಂಬುತ್ತೇನೆ. ಕನಕದಾಸರ ರಾಗಿ, ಭತ್ತದ ಜಗಳ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಈಗ ಬಸ್ಸಾರಿಗೆ ಬರುತ್ತೇನೆ. ಬಸಿದ ಸಾರು ಬಸ್ಸಾರು, ಮಸೆದ ಸೊಪ್ಪು ಮಸ್ಸೊಪ್ಪು. ಮಾಡುವ ಕ್ರಮವೇ ಹೆಸರಲ್ಲಿದೆ. ಉಪ್ಪುಸಾರಿನ ಹಾಗೆಯೇ ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೀರಿ. ಬಸಿದ ಕಟ್ಟು ಇದೆಯಲ್ಲ, ಅದನ್ನು ದಯವಿಟ್ಟು ಸಿಂಕಿಗೆ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಕಾಯಿ, ಸಾರಿನ ಪುಡಿ, ಹುಣಸೆ, ಜೊತೆಗೆ ಬೆಂದ ಕಾಳೇ ಒಂದು ಹಿಡಿ ಹಾಕಿ ರುಬ್ಬಿ. ಆ ಕಟ್ಟಿಗೆ ಸೇರಿಸಿ ಕುದಿಸಿ. ಒಂದು ಪಾತ್ರೆಯಿಂದ ಸಾರೂ ಆಯಿತು, ಪಲ್ಯವೂ ಆಯಿತು. ಕಾಳು ಬೆಳಿಗ್ಗೆ ನೆನೆಹಾಕಿದ್ದರೆ ರಾತ್ರಿ ಮುಕ್ಕಾಲು ಗಂಟೆ ಸಾಕು. ಹುರುಳಿ ಕಟ್ಟಿನ ಸಾರಂತೂ ಮಾರನೇ ದಿನಕ್ಕೇ ರುಚಿ ಜಾಸ್ತಿ.

ಬಾಡಿಗೆ ರೂಮಿನಲ್ಲಿ ಮುದ್ದೆ ಆಗಲ್ಲ ಅಂತ ಮಕ್ಕಳು ಹೇಳುತ್ತಾರೆ. ಆಗುತ್ತದೆ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ. ಕುದಿ ಬಂದಾಗ ಉಳಿದ ಹಿಟ್ಟು ಸುರಿದು, ಕೈ ಹಾಕದೆ ಐದು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಆಮೇಲೆ ಕೋಲಿನಿಂದ ಜೋರಾಗಿ ತೊಳಸಿ. ಮೊದಲ ವಾರ ಗಂಟಾಗುತ್ತದೆ. ಎರಡನೇ ವಾರ ಆಗುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಮಕ್ಕಳೇ, ಕ್ಯಾಲ್ಸಿಯಂಗೆ ಅಂತ ಯಾರೂ ಎರಡನೇ ಮುದ್ದೆ ಕೇಳುವುದಿಲ್ಲ. ಸಾರು ಚೆನ್ನಾಗಿರಬೇಕು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತು. ಮೇಳ ಆದವು, ರಾಗಿಯ ಬಿಸ್ಕತ್ತು, ಕೇಕು ಎಲ್ಲ ಬಂದವು. ನನಗೆ ಸಂತೋಷವೇ ಆಯಿತು. ನಾನು ಕೇಳುವುದು ಇನ್ನೂ ಸಣ್ಣದು. ವಾರಕ್ಕೆ ಮೂರು ರಾತ್ರಿ ಮನೆಯಲ್ಲಿ ಎಸರು ಇಡಿ.

ಚೀಟಿ ಬಂತು. ಇನ್ನು ಹತ್ತು ನಿಮಿಷವಂತೆ. ಆಗಲಿ.

ಕಾಳಿನ ಬಗ್ಗೆ ಬರೆದುಕೊಂಡಿದ್ದು ಬಹಳ ಇತ್ತು, ಅವರೆಕಾಯಿ ಒಂದನ್ನೇ ಹೇಳುತ್ತೇನೆ. ಚಳಿ ಬಿದ್ದು, ಇಬ್ಬನಿ ಹಿಡಿದ ಮೇಲೆ ಬರುವ ಸೊಗಡು ಇದೆಯಲ್ಲ, ಸುಲಿದು ಮುಗಿದ ಮೇಲೂ ಕೈ ಬಿಡುವುದಿಲ್ಲ. ಹಿತಕಿದ ಬೇಳೆ ಒಬ್ಬರೇ ಮಾಡುವ ಕೆಲಸ ಅಲ್ಲ. ನೆನೆದ ಕಾಳನ್ನು ಬೆರಳಲ್ಲಿ ಹಿಸುಕಿದರೆ ಬೇಳೆ ಚಿಮ್ಮಿ ಮಗುವಿನ ಮುಖಕ್ಕೆ ಬೀಳುತ್ತದೆ, ಅದು ನಗುತ್ತದೆ. ಇಡೀ ಮನೆ ಒಂದು ಮೊರದ ಸುತ್ತ ಕೂತುಕೊಳ್ಳುವುದು ಈಗ ಬೇರೆ ಯಾವುದಕ್ಕೆ ಹೇಳಿ?

ನಾವು ಮೈಸೂರಿಗೆ ಬಂದಾಗ ಪಕ್ಕದ ಮನೆಗೆ ವಿಜಯಪುರದವರು ಬಂದರು. ಕಾಂಪೌಂಡು ಗೋಡೆಯ ಆ ಕಡೆಯಿಂದ ದಿನಾ ಕೇಳುತ್ತಿದ್ದರು, "ಅಕ್ಕಾರ, ಇವತ್ತ ರಾತ್ರಿಗೆ ಏನ್ ಅಡಗಿ ಮಾಡೀರಿ?" ಮೊದಮೊದಲು ನನಗೆ ಸಂಕೋಚ. ಬರೀ ಸೊಪ್ಪಿನ ಸಾರು ಅಂತ ಹೇಗೆ ಹೇಳುವುದು? ಒಂದು ದಿನ ಹೇಳಿಬಿಟ್ಟೆ. ಅವರು ಬಟ್ಟಲು ಹಿಡಿದು ಬಂದರು! ಮಾರನೇ ದಿನ ಅದೇ ಬಟ್ಟಲಲ್ಲಿ ಪುಂಡಿ ಪಲ್ಯ ಬಂತು, ಜೊತೆಗೆ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಝುಣಕ ಕಲಿಸಿದ್ದೂ ಅವರೇ. ಒಗ್ಗರಣೆಗೆ ಈರುಳ್ಳಿ, ಕುದಿಯುವ ನೀರು, ಕಡಲೆಹಿಟ್ಟು, ಇಪ್ಪತ್ತು ನಿಮಿಷ. ಇವತ್ತಿಗೂ ನಾನು ತಡವಾಗಿ ಮನೆಗೆ ಬಂದ ದಿನ ಝುಣಕವೇ ಗತಿ. ಅವರು ವರ್ಗವಾಗಿ ಹೋಗಿ ಬಹಳ ವರ್ಷ ಆಯಿತು. ಆ ಬಟ್ಟಲು ನನ್ನ ಹತ್ತಿರವೇ ಉಳಿದಿದೆ.

ಅದಕ್ಕೇ ನಾನು ಹೇಳುವುದು, ರಾತ್ರಿ ಅಡುಗೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ನಾವು ಅಡುಗೆ ಬರೆದಿಟ್ಟ ಜನ. 1025ರಲ್ಲಿ ಎರಡನೇ ಚಾವುಂಡರಾಯ ಲೋಕೋಪಕಾರ ಬರೆದಾಗ ಮಳೆ, ಬಾವಿ, ವೈದ್ಯದ ಜೊತೆ ಅಡುಗೆಗೂ ಒಂದು ಅಧ್ಯಾಯ ಕೊಟ್ಟ. 1508ರಲ್ಲಿ ಮೂರನೇ ಮಂಗರಸ ಸೂಪಶಾಸ್ತ್ರವನ್ನೇ ಬರೆದ, ಅದೂ ಪದ್ಯದಲ್ಲಿ. ನೀವು ಪದ್ಯ ಬರೆಯಬೇಕಿಲ್ಲ. ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ತಾರೀಖಿನ ಚೌಕದಲ್ಲಿ ನಾಲ್ಕಕ್ಷರ ಬರೆಯಿರಿ. 'ದಂಟು ಬಸ್ಸಾರು.' 'ಮೊಸರನ್ನ, ಮಗೂಗೆ ಜ್ವರ.' ನಮ್ಮ ಮನೆಯಲ್ಲಿ ಆರು ವರ್ಷದ ಕ್ಯಾಲೆಂಡರ್ ಇದೆ. ಏನು ಮಾಡುವುದು ಅಂತ ತೋಚದ ದಿನ ಹೋದ ವರ್ಷದ ಅದೇ ತಿಂಗಳು ತಿರುವಿ ನೋಡುತ್ತೇನೆ. ಆ ತಿಂಗಳ ಸೊಪ್ಪು, ಆ ತಿಂಗಳ ಕಾಳು ಅಲ್ಲೇ ಇರುತ್ತದೆ.

ತಂಗಳಿನ ಬಗ್ಗೆ ಒಂದೇ ಮಾತು. ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ನಂಚಿಕೊಂಡು ಕುಡಿಯಿರಿ. ಗಂಡಸರ ಬಗ್ಗೆಯೂ ಒಂದೇ ಮಾತು. ದಯವಿಟ್ಟು "ಏನು ಮಾಡಿದ್ದೀಯ?" ಅಂತ ಕೇಳುವ ಮೊದಲು ನೀವೂ ಒಂದು ಸಲ ಡಬ್ಬ ತೆಗೆದು ನೋಡಿ. ಕಾಳು ಮುಗಿದಿದೆ ಅಂತ ನಿಮಗೂ ಗೊತ್ತಿರಲಿ. ನೆನೆಹಾಕುವ ಕೆಲಸ ನಿಮ್ಮದಾಗಲಿ. ಚಪ್ಪಾಳೆ ಹೊಡೆಯುತ್ತಿರುವವರು ಬರೀ ಹೆಂಗಸರು, ಆ ಸಾಲಿನಿಂದಲೂ ಬರಲಿ.

ಏಳೂಕಾಲು ಆಯಿತು. ಕರಾವಳಿಯ ಗಂಜಿ, ಮಲೆನಾಡಿನ ತಂಬುಳಿ ಯಾವುದಕ್ಕೂ ಬರಲಾಗಲಿಲ್ಲ. ಇಲ್ಲಿ ಆ ಕಡೆಯವರು ಇದ್ದೀರಿ, ನನಗಿಂತ ಚೆನ್ನಾಗಿ ನೀವೇ ಹೇಳುತ್ತೀರಿ. ಪ್ರಶ್ನೆ ಕೇಳಲು ಐದು ನಿಮಿಷ ಇದೆ ಅಂದರು. ನೀವು ಕೇಳುವುದು ಬೇಡ, ನಾನೇ ಕೇಳುತ್ತೇನೆ. ಹಿಂದಿನ ಸಾಲಿನಲ್ಲಿ ಸೊಪ್ಪಿನ ಚೀಲ ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದೀರಲ್ಲ, ಹೌದು ಅಮ್ಮ, ನೀವೇ. ಆಗಿನಿಂದ ನೋಡುತ್ತಿದ್ದೇನೆ, ಚೀಲದಿಂದ ಸಬ್ಬಸಿಗೆ ಇಣುಕುತ್ತಿದೆ. ಆ ಮೈಕು ಅವರಿಗೆ ಕೊಡಿ. ಹೇಳಿ ಅಮ್ಮ, ಇವತ್ತು ರಾತ್ರಿಗೆ ಏನು ಮಾಡ್ತೀರಿ?