ಶನಿ ಕಾಯುವ ಹಿಮದ ನಾಡು

ಕೇಳುಗರಿಗೆ ನಮಸ್ಕಾರ.

ಮನುಷ್ಯನ ಜಾತಕ ನೋಡಿ ಸ್ವಭಾವ ಹೇಳುವುದು ನಿಮಗೆಲ್ಲ ಗೊತ್ತು. ಸೀಮೆಗೂ ಹಾಗೆ ಹೇಳುವ ಪದ್ಧತಿ ಉಂಟು. ವರಾಹಮಿಹಿರಾಚಾರ್ಯರು ಭರತಖಂಡವನ್ನೇ ಆಮೆಯ ಆಕಾರದಲ್ಲಿ ಒಂಬತ್ತು ಭಾಗ ಮಾಡಿ, ಭಾಗಕ್ಕೆ ಮೂರರಂತೆ ನಕ್ಷತ್ರ ಹಂಚಿದವರು. ಇವತ್ತು ನಾನು ಎತ್ತಿಕೊಂಡಿರುವುದು ಜಪಾನಿನ ನೀಗಾತಾ ಪ್ರಾಂತ್ಯ. ಹಳೆಯ ಹೆಸರು ಎಚಿಗೊ. ಹೇಳಬೇಕಾದ ಮಾತು ಒಂದೇ. ಒಲೆಯ ಮೇಲೆ ಹಾಲಿಟ್ಟು ಬಂದವರಿಗೆ ಅನುಕೂಲವಾಗಲಿ ಅಂತ ಅದನ್ನು ಈಗಲೇ ಹೇಳಿಬಿಡುತ್ತೇನೆ. ಎಚಿಗೊ ಶನಿಯ ನಾಡು. ಶನಿ ಕೊಡುವುದಿಲ್ಲ ಅನ್ನುವುದು ಸುಳ್ಳು. ದುಡಿಸಿ, ಕಾಯಿಸಿ, ಆಮೇಲೆ ಕೊಡುತ್ತಾನೆ.

ಜಪಾನಿಗೂ ನಮ್ಮ ಶನಿಗೂ ಎಲ್ಲಿಯ ನಂಟು ಅನ್ನಬೇಡಿ. ಕೂಕಾಯಿ ಅನ್ನುವ ಬೌದ್ಧ ಗುರು 806ರಲ್ಲಿ ಚೀನಾದಿಂದ ಮರಳುವಾಗ ನಮ್ಮ ನಕ್ಷತ್ರಗಳ, ವಾರಗಳ ಶಾಸ್ತ್ರವನ್ನೂ ಹೊತ್ತು ತಂದರು. ಅಲ್ಲಿಯ ಶನಿವಾರವೂ ಶನಿಗ್ರಹದ್ದೇ. ರಾಹು ಕೇತುಗಳೂ ಹಡಗು ಹತ್ತಿ ಹೋಗಿದ್ದಾರೆ. ಒಂಬತ್ತು ಗ್ರಹಗಳನ್ನು ಅವರು 'ಕುಯೋ' ಅನ್ನುತ್ತಾರೆ.

ಇನ್ನು ಹಿಮ. ಚಳಿಗಾಲದಲ್ಲಿ ಸೈಬೀರಿಯಾದ ಒಣಗಾಳಿ ಸಮುದ್ರ ದಾಟುತ್ತಾ ನೀರು ಹೀರಿಕೊಂಡು ಬರುತ್ತದೆ. ಎಚಿಗೊ ಬೆಟ್ಟಸಾಲು ಅಡ್ಡ ನಿಲ್ಲುತ್ತದೆ. ಹೊತ್ತದ್ದನ್ನೆಲ್ಲ ಗಾಳಿ ಅಲ್ಲೇ ಸುರಿದುಬಿಡುತ್ತದೆ. ಬೆಟ್ಟದಾಚೆ ಟೋಕಿಯೊ ಕಡೆ ಬಿಸಿಲು, ಈಚೆ ತಿಂಗಳುಗಟ್ಟಲೆ ಹಿಮ. ಈಚೆ ಅಂದರೆ ಪಶ್ಚಿಮದ ಕರಾವಳಿ. ಪಶ್ಚಿಮ ದಿಕ್ಕಿಗೆ ಅಧಿಪತಿ ಯಾರು? ಶನಿ. ತಕಾದಾ ಊರಿನಲ್ಲಿ 1945ರ ಫೆಬ್ರವರಿಯಲ್ಲಿ ನೆಲದ ಮೇಲೆ 377 ಸೆಂಟಿಮೀಟರ್ ಹಿಮ ನಿಂತಿತ್ತು. ಎರಡಾಳೆತ್ತರಕ್ಕೂ ಮಿಕ್ಕಿ! ಮಾಡಿನ ಮೇಲಿನ ಹಿಮವನ್ನು ಸಲಿಕೆಯಲ್ಲಿ ತೆಗೆದು ಕೆಡವದಿದ್ದರೆ ಮನೆಯೇ ಕುಸಿಯುತ್ತದೆ. ಇವತ್ತು ಕೆಡವಿದರೆ ನಾಳೆ ಮತ್ತೆ ಅಷ್ಟೇ. ಇಂಥ ಕೆಲಸ ಕೊಡುವ ಗ್ರಹ ಇನ್ನಾವುದು ಹೇಳಿ.

ಈಗ ನನಗೆ ಪ್ರಿಯವಾದ ಜಾತಕಕ್ಕೆ ಬರುತ್ತೇನೆ. ಉಎಸುಗಿ ಕೆನ್ಶಿನ್, ಎಚಿಗೊವನ್ನು ಆಳಿದ ದೊರೆ. ಹುಟ್ಟಿದ್ದು 1530ರ ಫೆಬ್ರವರಿಯಲ್ಲಿ. ಅವರ ಲೆಕ್ಕದಲ್ಲಿ ಹುಲಿಯ ವರ್ಷ, ನಮ್ಮ ಪಂಚಾಂಗದಲ್ಲಿ ಇನ್ನೂ ಯುಗಾದಿ ಬರದ ವಿರೋಧಿ ಸಂವತ್ಸರ. ಹಂಪಿಯಲ್ಲಿ ಕೃಷ್ಣದೇವರಾಯ ತೀರಿಕೊಂಡು ಅಚ್ಯುತರಾಯ ಆಗಷ್ಟೇ ಪಟ್ಟಕ್ಕೆ ಬಂದಿದ್ದ ಕಾಲ. ಕೆನ್ಶಿನ್‌ಗೆ ಸೂರ್ಯ ಕುಂಭದಲ್ಲಿ. ಮಕರದಂತೆ ಕುಂಭವೂ ಶನಿಯ ಸ್ವಂತ ಮನೆ. ಅವನು ಹುಟ್ಟಿದ ನಾಗಾವೊ ಮನೆತನದ ಲಾಂಛನ ನೋಡಬೇಕು ನೀವು. ನಡುವೆ ಒಂದು ಸುರುಳಿ, ಸುತ್ತ ಎಂಟು. ನಮ್ಮ ನವಗ್ರಹ ಗುಡಿಯಲ್ಲಿ ಸೂರ್ಯನ ಸುತ್ತ ಎಂಟು ಗ್ರಹ ನಿಂತ ಹಾಗೆಯೇ. ಹೆಸರೂ ಕುಯೋ ಅಂತಲೇ. ಇಷ್ಟ ದೈವ ಬಿಷಮೊನ್. ಯಾರು ಅಂದುಕೊಂಡಿರಿ? ನಮ್ಮ ವೈಶ್ರವಣ, ಉತ್ತರದ ದಿಕ್ಪಾಲಕ ಕುಬೇರ! ಆ ದೇವರ ಹೆಸರಿನ ಮೊದಲಕ್ಷರ ಬರೆದ ಬಾವುಟ ಹಿಡಿದೇ ಅವನು ಯುದ್ಧಕ್ಕೆ ಹೋಗುತ್ತಿದ್ದ. ಮದುವೆಯಾಗಲಿಲ್ಲ.

ಅವನ ಕಡು ವೈರಿ ತಕೆದಾ ಶಿಂಗೆನ್, ಕಾಯಿ ಸೀಮೆಯ ದೊರೆ. ಸೀಮೆಯ ಹೆಸರೇ ಕಾಯಿ, ನಗಬೇಡಿ. 1553ರಿಂದ 1564ರವರೆಗೆ ಇಬ್ಬರೂ ಕವನಕಾಜಿಮಾ ಬಯಲಿನಲ್ಲಿ ಐದು ಸಲ ಎದುರಾದರು. ಇತ್ಯರ್ಥವಾಗಲಿಲ್ಲ. ಆಮೇಲೆ, 1567ರ ಸುಮಾರಿಗೆ, ಶಿಂಗೆನ್‌ನ ದಕ್ಷಿಣದ ನೆರೆಯವರು ಅವನ ಮೇಲೆ ಮುನಿದು ಉಪ್ಪು ನಿಲ್ಲಿಸಿದರು. ಕಾಯಿ ಬರೀ ಬೆಟ್ಟದ ಸೀಮೆ, ಸಮುದ್ರವೇ ಇಲ್ಲ. ಉಪ್ಪಿಲ್ಲ ಅಂದರೆ ಸಾರು ಸಪ್ಪೆ ಅನ್ನುವಷ್ಟೇ ಅಲ್ಲ ತಾಯಂದಿರೇ. ಚಳಿಗಾಲದ ಉಪ್ಪಿನಕಾಯಿ ಇಲ್ಲ, ಸೋಯಾ ಕಾಳು ಹುದುಗಿಸಿದ ಮಿಸೊ ಇಲ್ಲ, ಮೀನು ಕೆಡದಂತೆ ಇಡುವ ದಾರಿಯಿಲ್ಲ. ವೈರಿಯ ಜನ ಸೊರಗಲಿ, ಸುಮ್ಮನೆ ಕೂರೋಣ ಅಂತ ಕೆನ್ಶಿನ್ ಅಂದುಕೊಳ್ಳಬಹುದಿತ್ತು. ಅವನು ತನ್ನ ಕರಾವಳಿಯ ಉಪ್ಪನ್ನು ಬಿಟ್ಟುಕೊಟ್ಟ. ಯುದ್ಧ ಬಿಲ್ಲುಬಾಣದ್ದು, ಉಪ್ಪಿನದಲ್ಲ ಅಂದನಂತೆ. ವರ್ತಕರಿಗೆ ಇನ್ನೊಂದು ಕಟ್ಟಪ್ಪಣೆಯನ್ನೂ ಮಾಡಿದನಂತೆ: ಬೆಲೆ ಏರಿಸಕೂಡದು!

ನನಗೆ ಇಷ್ಟವಾಗುವುದು ಈ ಎರಡನೆಯ ಮಾತೇ. ಶನಿ ಉಚ್ಚನಾಗುವುದು, ಅಂದರೆ ಅತಿ ಬಲ ಪಡೆಯುವುದು, ತುಲಾ ರಾಶಿಯಲ್ಲಿ, ತಕ್ಕಡಿಯಲ್ಲಿ. ವೈರಿಗೆ ಕೊಡುವಾಗಲೂ ತೂಕ ಸರಿಯಾಗಿರಬೇಕು, ಧಾರಣೆ ಸರಿಯಾಗಿರಬೇಕು. ಗುರುಗ್ರಹದ ಪ್ರಭಾವದವನಾಗಿದ್ದರೆ ದಾನ ಕೊಟ್ಟು ಹೊಗಳಿಸಿಕೊಳ್ಳುತ್ತಿದ್ದ. ಇವನು ನ್ಯಾಯದ ಬೆಲೆಗೆ ಮಾರಿಸಿದ.

ಎಚಿಗೊದ ಇತೊಯಿಗಾವಾ ಕಡಲತೀರದಿಂದ, ಆಗ ಶಿಂಗೆನ್‌ನ ಕೈಯಲ್ಲಿದ್ದ ಮತ್ಸುಮೊತೊ ಪಟ್ಟಣಕ್ಕೆ ಸುಮಾರು 120 ಕಿಲೋಮೀಟರಿನ ದಾರಿ, ಇಂದಿಗೂ ಉಪ್ಪಿನ ದಾರಿ ಅಂತಲೇ ಹೆಸರು. ಎತ್ತು ನಡೆಯುವಲ್ಲಿ ಎತ್ತು, ಹಿಮ ಬಿದ್ದಲ್ಲಿ ಬೆನ್ನ ಮೇಲೆ ಮೂಟೆ ಹೊತ್ತ ಆಳುಗಳು. ಉಪ್ಪು ತಂದ ಎತ್ತನ್ನು ಕಟ್ಟಿದ್ದು ಇದಕ್ಕೇ ಅಂತ ಮತ್ಸುಮೊತೊದ ಬೀದಿಯಲ್ಲಿ ಒಂದು ಕಲ್ಲು ತೋರಿಸುತ್ತಾರೆ, ಈಗಲೂ ಅದಕ್ಕೆ ಹುಲ್ಲಿನ ಹಗ್ಗ ಸುತ್ತಿರುತ್ತದೆ. ಅಲ್ಲಿಯ ಉಪ್ಪಿನ ಸಂತೆ ಕಾಲಕ್ರಮದಲ್ಲಿ ಮಿಠಾಯಿ ಜಾತ್ರೆಯಾಗಿದೆ. ಜನವರಿಯಲ್ಲಿ, ನಮ್ಮ ಸಂಕ್ರಾಂತಿಯ ಆಸುಪಾಸು, ಅಂದರೆ ಸೂರ್ಯ ಮಕರಕ್ಕೆ ಕಾಲಿಡುವ ಹೊತ್ತು. ಮಕರ ಯಾರ ಮನೆ ಅಂತ ಇನ್ನೊಮ್ಮೆ ಹೇಳಬೇಕಿಲ್ಲ ತಾನೆ? ಕೃತಜ್ಞತೆಗೆಂದು ಶಿಂಗೆನ್ ಕಳಿಸಿದ ಅಂತ ಹೇಳುವ ಕತ್ತಿ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 1573ರಲ್ಲಿ ಶಿಂಗೆನ್ ಸತ್ತ ಸುದ್ದಿ ಬಂದಾಗ ಕೆನ್ಶಿನ್ ಊಟ ಬಿಟ್ಟೆದ್ದು ಅತ್ತನಂತೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಿಮದಿಂದ ಅವರಿಗೆ ಬಂದದ್ದೇನು? ಒಂದು, ಬಟ್ಟೆ. ಹೊರಗೆ ಕೆಲಸವಿಲ್ಲದ ತಿಂಗಳುಗಳಲ್ಲಿ ಹೆಂಗಸರು ರಾಮಿ ಗಿಡದ ನಾರನ್ನು ಉಗುರಿನಲ್ಲಿ ಸೀಳಿ, ಎಳೆಗೆ ಎಳೆ ಹೊಸೆದು ನೇಯುತ್ತಾರೆ. ನೇಯ್ದದ್ದನ್ನು ಫೆಬ್ರವರಿ ಮಾರ್ಚಿಯ ಬಿಸಿಲಿಗೆ ಹಿಮದ ಮೇಲೆಯೇ ಹರವುತ್ತಾರೆ, ಹಿಮವೇ ಅದನ್ನು ಬಿಳಿ ಮಾಡುತ್ತದೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ ಇದು. ಇನ್ನೊಂದು, ಅಕ್ಕಿ. ಬೆಟ್ಟದ ಹಿಮ ಕರಗಿ ಗದ್ದೆಗಿಳಿಯುತ್ತದೆ. ಉವೊನುಮಾದ ಕೋಶಿಹಿಕಾರಿ ಅಕ್ಕಿಗೆ ಜಪಾನಿನಲ್ಲೇ ಹೆಚ್ಚಿನ ಬೆಲೆ. ಶನಿ ಚಳಿಗಾಲವೆಲ್ಲ ಹಿಮ ಸುರಿಸಿ ಬಾಗಿಲು ಮುಚ್ಚಿಸುತ್ತಾನೆ, ಕೊಯ್ಲಿನ ಹೊತ್ತಿಗೆ ಅದೇ ಹಿಮದಿಂದ ಕುಬೇರನ ಭಂಡಾರ ತುಂಬುತ್ತದೆ. ದುಡಿಸಿ, ಕಾಯಿಸಿ, ಆಮೇಲೆ ಕೊಡುತ್ತಾನೆ ಅಂದೆನಲ್ಲ.

ತಕಾದಾದ ಪೇಟೆಬೀದಿಯಲ್ಲಿ ಪ್ರತಿ ಮನೆಯವರೂ ತಮ್ಮ ಜಾಗದಲ್ಲೇ ಸೂರನ್ನು ಮುಂದೆ ಚಾಚಿ ಕಟ್ಟಿದ್ದಾರೆ. ಅದರಡಿ ಯಾರು ಬೇಕಾದರೂ ಹಿಮ ತಗಲದೆ ನಡೆದು ಹೋಗಬಹುದು. ಶನಿ ಜನಸಾಮಾನ್ಯರ ಕಾರಕ, ಅಂದರೆ ಅವರನ್ನು ಸೂಚಿಸುವ ಗ್ರಹ, ನೆನಪಿರಲಿ.

ನಾಗಾವೊಕಾ ಊರಿನದೂ ಒಂದು ದೊಡ್ಡ ಕಥೆ, ಪುರುಸೊತ್ತಿಲ್ಲ. ಯುದ್ಧದಲ್ಲಿ ಸೋತು ಹಸಿದಿದ್ದವರಿಗೆ 1870ರಲ್ಲಿ ನೂರು ಮೂಟೆ ಅಕ್ಕಿ ನೆರವು ಬಂತು. ಹಂಚಿಬಿಡಿ ಅಂತ ಎಲ್ಲರೂ ಪಟ್ಟು ಹಿಡಿದರೂ ಕೊಬಾಯಾಶಿ ತೊರಾಸಾಬುರೊ ಅನ್ನುವ ಅಧಿಕಾರಿ ಅದನ್ನು ಮಾರಿ ಶಾಲೆಗೆ ಹಾಕಿದರು. ಶನಿ ಬಲವಾಗಿದ್ದರೆ ಬುದ್ಧಿ ಹಾಗೆ ಓಡುತ್ತದೆ.

ಇನ್ನು ಸಾಡೇಸಾತಿ, ಶನಿಯ ಏಳೂವರೆ ವರ್ಷದ ಕಾಟ, ಅಂತ ಹೆದರಿ ಆಕಾಶವಾಣಿಗೆ ಕಾಗದ ಬರೆಯುವವರಿಗೆ ಒಂದು ವಿನಂತಿ. ಎಳ್ಳೆಣ್ಣೆ ದೀಪ ಎಷ್ಟು ವಾರ ಹಚ್ಚಬೇಕು ಅಂತ ಮಾತ್ರ ಕೇಳಬೇಡಿ, ಸಾಕಾಗಿಹೋಗಿದೆ. ಹುಟ್ಟಿದ ಹೊತ್ತು, ಊರಿನ ಜೊತೆ ಈಗ ಏನು ಕೆಲಸ ಮಾಡುತ್ತಿದ್ದೀರಿ, ಅದನ್ನು ಶುರು ಮಾಡಿ ಎಷ್ಟು ದಿನವಾಯಿತು, ಅದನ್ನೂ ಬರೆಯಿರಿ. ನಮಸ್ಕಾರ.