ಅಟ್ಲಾಂಟಿಕ್ ದಾರಿಯಲ್ಲಿ ಕೆನಡಾದ ಪಿಆರ್: ಮೊದಲ ಹೆಜ್ಜೆ ಕಂಪನಿಯದು

ಕೇಳುಗರಿಗೆಲ್ಲ ನಮಸ್ಕಾರ.

ಕೆನಡಾದ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು, ಎಂದ ಕೂಡಲೆ ನಮ್ಮಲ್ಲಿ ಮೊದಲು ಕೇಳುವುದು, ‘ಪಾಯಿಂಟ್ ಎಷ್ಟು ಬಂತು?’ ಎಂದು. ವಯಸ್ಸಿಗೆ ಇಷ್ಟು, ಡಿಗ್ರಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು ಎಂದು ಕೂಡಿಸಿ ಕಾಯುವ ಎಕ್ಸ್‌ಪ್ರೆಸ್ ಎಂಟ್ರಿಯ ಲೆಕ್ಕ ಅದು. ಇವತ್ತಿನ ಮಾತು ಆ ಲೆಕ್ಕದ ಹೊರಗಿನ ಇನ್ನೊಂದು ದಾರಿಯದು. ಅದರ ಹೆಸರು ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಎಐಪಿ. ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್, ಹೀಗೆ ಕೆನಡಾದ ಪೂರ್ವದಂಚಿನ ನಾಲ್ಕು ಪ್ರಾಂತ್ಯಗಳಿಗೆ ಮಾತ್ರ ಇದು ಅನ್ವಯ. ಅಲ್ಲಿ ಊರುಗಳಿಗೆ ವಯಸ್ಸಾಗುತ್ತಿದೆ. ಬಂದ ವಲಸಿಗರೂ ಸ್ವಲ್ಪ ದಿನಕ್ಕೆ ಟೊರಾಂಟೊ ಕಡೆ ಹೊರಟುಬಿಡುತ್ತಿದ್ದರು. ಕೆಲಸವೊಂದು ಕೈಯಲ್ಲಿದ್ದು, ನೆಲೆಯೂರಲು ಊರಿನವರ ಸಹಾಯವೂ ಸಿಕ್ಕರೆ ಜನ ಉಳಿದಾರು ಎಂಬ ಲೆಕ್ಕಾಚಾರದಲ್ಲಿ 2017ರಲ್ಲಿ ಇದನ್ನು ಪ್ರಾಯೋಗಿಕವಾಗಿ ಶುರುಮಾಡಿದರು. 2022ರ ಜನವರಿಯಿಂದ ಇದು ಕಾಯಂ ಯೋಜನೆ.

ಈ ದಾರಿಯಲ್ಲಿ ನಿಮ್ಮ ಕಡತ ಮೂವರ ಕೈ ದಾಟಬೇಕು. ಕೆಲಸ ಕೊಡುವ ಕಂಪನಿ, ಆಮೇಲೆ ಪ್ರಾಂತ್ಯ ಸರ್ಕಾರ, ಕೊನೆಗೆ ಒಟ್ಟಾವದ ಕೇಂದ್ರ ಸರ್ಕಾರ. ಒಬ್ಬರು ಹೂಂ ಅಂದರೆ ಇನ್ನೊಬ್ಬರೂ ಹೂಂ ಅನ್ನಬೇಕೆಂದೇನೂ ಇಲ್ಲ. ಮೊದಲನೆಯ ಕೈಯನ್ನು ಸರಿಯಾಗಿ ನೋಡದೆ ಹೊರಟವರೇ ಹೆಚ್ಚಾಗಿ ನಡುದಾರಿಯಲ್ಲಿ ನಿಲ್ಲುವುದು. ಆದ್ದರಿಂದ ಕಂಪನಿಯಿಂದಲೇ ಶುರುಮಾಡೋಣ.

ಅಲ್ಲಿಯ ಯಾವುದೋ ಕಂಪನಿ ಆಫರ್ ಲೆಟರ್ ಕೊಟ್ಟರೆ ಸಾಲದು. ಆ ಕಂಪನಿಗೆ ಪ್ರಾಂತ್ಯ ಸರ್ಕಾರದಿಂದ ‘ಡೆಸಿಗ್ನೇಷನ್’, ಅಂದರೆ ಈ ಯೋಜನೆಯಡಿ ಹೊರಗಿನವರನ್ನು ನೇಮಿಸಿಕೊಳ್ಳುವ ಮಾನ್ಯತೆ ಇರಬೇಕು. ಅದಕ್ಕೆ ಕಂಪನಿ ಕನಿಷ್ಠ ಎರಡು ವರ್ಷ ಒಂದೇ ಆಡಳಿತದಲ್ಲಿ ನಡೆದಿರಬೇಕು, ಕಾರ್ಮಿಕ ಕಾನೂನು ಮುರಿದ ದಾಖಲೆ ಇರಬಾರದು, ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡುವ ಬಗ್ಗೆ ತರಬೇತಿಯನ್ನೂ ಪಡೆದಿರಬೇಕು. ಮಾನ್ಯತೆ ಆಯಾ ಪ್ರಾಂತ್ಯಕ್ಕಷ್ಟೇ ಸೀಮಿತ. ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಮಾನ್ಯತೆ ಪಡೆದ ಕಂಪನಿ ಮಾಂಕ್ಟನ್ ಶಾಖೆಗೆ ಜನ ಬೇಕೆಂದರೆ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು. ಮಾನ್ಯತೆ ಪಡೆದ ಕಂಪನಿಗಳ ಪಟ್ಟಿ ಪ್ರಾಂತ್ಯಗಳ ಸರ್ಕಾರಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಲ್ಲಿ ಈಗ ಕೆಲಸ ಖಾಲಿ ಇದೆ ಎಂದಲ್ಲ. ಪಟ್ಟಿಯಲ್ಲೇ ಇಲ್ಲದಿದ್ದರೆ ಮಾತ್ರ ನೇರವಾಗಿ ಕೇಳಿ, ಮಾನ್ಯತೆಗೆ ಅರ್ಜಿ ಹಾಕಿದ್ದೀರಾ, ಯಾವಾಗ ಹಾಕಿದಿರಿ ಎಂದು. ಉತ್ತರ ಬಿಗಿಯಾಗಿಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಇನ್ನು ಆಫರ್. ವಾರಕ್ಕೆ ಕನಿಷ್ಠ 30 ಗಂಟೆ, ವರ್ಷಪೂರ್ತಿ ಇರುವ ಕೆಲಸವಾಗಬೇಕು. ಕೆನಡಾ ಎಲ್ಲ ಉದ್ಯೋಗಗಳನ್ನೂ ಎನ್‌ಒಸಿ ಎಂಬ ಪಟ್ಟಿಯಲ್ಲಿ ಸೊನ್ನೆಯಿಂದ ಐದರವರೆಗಿನ ‘ಟೀರ್’ ಮಟ್ಟಗಳಾಗಿ ವಿಂಗಡಿಸಿದೆ. ಸೊನ್ನೆ ಎಂದರೆ ಮ್ಯಾನೇಜರ್‌ಗಳು, ಐದು ಎಂದರೆ ತರಬೇತಿ ಬೇಡದ ಕೆಲಸ. ಎಐಪಿಗೆ ಸೊನ್ನೆಯಿಂದ ನಾಲ್ಕರವರೆಗೆ ಮಾತ್ರ ಪ್ರವೇಶ. ಸೊನ್ನೆಯಿಂದ ಮೂರರವರೆಗಿನ ಕೆಲಸವಾದರೆ ಪಿಆರ್ ಸಿಕ್ಕ ದಿನದಿಂದ ಕನಿಷ್ಠ ಒಂದು ವರ್ಷ ಇರುವ ಆಫರ್ ಬೇಕು. ನಾಲ್ಕನೆಯ ಮಟ್ಟಕ್ಕೆ ಕೊನೆಯ ದಿನಾಂಕವೇ ಇಲ್ಲದ ಕಾಯಂ ಆಫರ್ ಬೇಕು. ನೀವೋ ನಿಮ್ಮ ಗಂಡ ಅಥವಾ ಹೆಂಡತಿಯೋ ಹೆಚ್ಚಿನ ಪಾಲು ಹೊಂದಿರುವ ಕಂಪನಿಯ ಆಫರ್ ನಡೆಯುವುದಿಲ್ಲ.

ಈ ಮಟ್ಟದ ಲೆಕ್ಕ ಎಷ್ಟು ಸೂಕ್ಷ್ಮ ಎಂದರೆ, ಅಲ್ಲಿಯ ಮೀನಿನ ಕಾರ್ಖಾನೆಗಳನ್ನೇ ನೋಡಿ. ಏಡಿ, ಲಾಬ್‌ಸ್ಟರ್ ಸಂಸ್ಕರಿಸುವುದು ಆ ಕರಾವಳಿಯ ದೊಡ್ಡ ಉದ್ಯಮ. ಅದರೊಳಗೆ ಯಂತ್ರ ನಡೆಸುವವರು, ಮೀನು ಕತ್ತರಿಸುವವರು ನಾಲ್ಕನೆಯ ಮಟ್ಟಕ್ಕೆ ಬರುತ್ತಾರೆ. ಸಾಗಿಸುವ, ತುಂಬುವ, ತೊಳೆಯುವ ಕೂಲಿ ಕೆಲಸ ಐದನೆಯದು. ಒಂದೇ ಷೆಡ್ಡು, ಒಬ್ಬರಿಗೆ ದಾರಿ ಇದೆ, ಪಕ್ಕದವರಿಗಿಲ್ಲ. ಸಾಲದೆಂಬಂತೆ ಸೀಸನ್ನಿನಲ್ಲಿ ಮಾತ್ರ ತೆರೆದಿರುವ ಕಾರ್ಖಾನೆಯಾದರೆ ಯಾವ ಮಟ್ಟದ ಕೆಲಸವಾದರೂ ಆಗದು. ಹಾಗೆಯೇ ಹೋಟೆಲಿನ ಅಡುಗೆಯವರು ಮೂರನೆಯ ಮಟ್ಟ, ಕೌಂಟರಿನಲ್ಲಿ ತಿಂಡಿ ಕೊಡುವವರು ಐದನೆಯದು. ಆಫರಿನಲ್ಲಿ ‘ಕುಕ್’ ಎಂದು ಬರೆದು ದಿನವಿಡೀ ಕೌಂಟರಿನಲ್ಲಿ ನಿಲ್ಲಿಸಿದರೆ ಅದು ಅಡುಗೆಯವರ ಅನುಭವವಾಗುವುದಿಲ್ಲ. ಅಧಿಕಾರಿ ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು.

ಇನ್ನು ನಿಮ್ಮ ಕಡೆಯ ಅರ್ಹತೆ. ಕಳೆದ ಐದು ವರ್ಷಗಳಲ್ಲಿ ಒಟ್ಟು 1,560 ಗಂಟೆ ಸಂಬಳದ ಕೆಲಸ ಮಾಡಿರಬೇಕು. ವಾರಕ್ಕೆ 30 ಗಂಟೆಯಂತೆ 52 ವಾರದ ಲೆಕ್ಕ ಅದು. ನಡುವೆ ಬಿಡುವಿದ್ದರೂ ತೊಂದರೆಯಿಲ್ಲ, ಅರೆಕಾಲಿಕ ಕೆಲಸವನ್ನೂ ಕೂಡಿಸಬಹುದು. ಸ್ವಂತ ಉದ್ಯೋಗ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನ ಅಂಗಡಿಯಲ್ಲಿ ಕೂತಿದ್ದಕ್ಕೆ ಸಂಬಳದ ದಾಖಲೆ ಇಲ್ಲದಿದ್ದರೆ ಅದನ್ನೂ ಮರೆತುಬಿಡಿ. ಆಫರ್ ಬಂದ ಕೆಲಸವೂ ನಿಮ್ಮ ಹಳೆಯ ಕೆಲಸವೂ ಒಂದೇ ಆಗಿರಬೇಕಿಲ್ಲ. ಆದರೆ ಹೊಸದು ಹಳೆಯದಕ್ಕಿಂತ ಕೆಳಗಿನ ಮಟ್ಟದ್ದಾಗಿರಬಾರದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು ಅದೇ ಅನುಭವ ತೋರಿಸಿ ಅಡುಗೆಯವರ ಆಫರ್ ಹಿಡಿಯಲಾಗದು, ಏಕೆಂದರೆ ಅದು ಒಂದನೆಯ ಮಟ್ಟ, ಇದು ಮೂರನೆಯದು.

ನರ್ಸ್‌ಗಳಿಗೆ ಇಲ್ಲಿ ವಿನಾಯಿತಿ ಇದೆ. ಮಂಗಳೂರು, ಉಡುಪಿ ಕಡೆ ಓದಿ ನರ್ಸ್ ಆಗಿ ದುಡಿಯುತ್ತಿರುವವರು ಗಮನಿಸಿ. ರಿಜಿಸ್ಟರ್ಡ್ ನರ್ಸ್ ಅನುಭವದ ಮೇಲೆ ಆಸ್ಪತ್ರೆಯ ನರ್ಸ್ ಏಯ್ಡ್ ಅಥವಾ ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಹೋಂ ಸಪೋರ್ಟ್ ಕೆಲಸದ ಆಫರನ್ನೂ ಒಪ್ಪುತ್ತಾರೆ. ನರ್ಸ್ ಆಗಿಯೇ ಕೆಲಸ ಮಾಡಬೇಕೆಂದರೆ ಪ್ರಾಂತ್ಯದ ಲೈಸೆನ್ಸ್ ಬೇಕು. ನೋವಾ ಸ್ಕೋಷಿಯಾ 2023ರಿಂದ ಭಾರತ ಸೇರಿ ಏಳು ದೇಶಗಳ ನರ್ಸ್‌ಗಳಿಗೆ ಲೈಸೆನ್ಸ್ ದಾರಿಯನ್ನು ಚುಟುಕು ಮಾಡಿದೆ. ಆದರೂ ಎನ್‌ಕ್ಲೆಕ್ಸ್ ಪರೀಕ್ಷೆ ತಪ್ಪಿದ್ದಲ್ಲ.

ಭಾಷೆಯ ಮಟ್ಟ ಹೆದರುವಂಥದ್ದಲ್ಲ. ಕೆನಡಾ ಭಾಷೆಯನ್ನು ಅಳೆಯುವುದು ಸಿಎಲ್‌ಬಿ ಎಂಬ ಮಾಪನದಲ್ಲಿ. ಸೊನ್ನೆಯಿಂದ ಮೂರರ ಕೆಲಸಕ್ಕೆ ಸಿಎಲ್‌ಬಿ 5, ನಾಲ್ಕಕ್ಕೆ ಸಿಎಲ್‌ಬಿ 4. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ವಿಭಾಗದಲ್ಲಿ ಸಿಎಲ್‌ಬಿ 5 ಎಂದರೆ ಓದಿನಲ್ಲಿ 4.0, ಉಳಿದ ಮೂರರಲ್ಲೂ 5.0. ಅಕಾಡೆಮಿಕ್ ಪರೀಕ್ಷೆ ಬರೆದು ಬಂದರೆ ಉಪಯೋಗವಿಲ್ಲ, ಜನರಲ್ ಆಗಬೇಕು. ಫಲಿತಾಂಶಕ್ಕೆ ಎರಡು ವರ್ಷ ಆಯಸ್ಸು. ಓದಿನ ವಿಷಯಕ್ಕೆ ಬಂದರೆ, ಸೊನ್ನೆ ಮತ್ತು ಒಂದನೆಯ ಮಟ್ಟಕ್ಕೆ 12ನೆಯ ತರಗತಿಯ ನಂತರ ಕನಿಷ್ಠ ಒಂದು ವರ್ಷದ ಕೋರ್ಸು ಬೇಕು, ಉಳಿದದ್ದಕ್ಕೆ ಕೆನಡಾದ ಹೈಸ್ಕೂಲಿಗೆ ಸಮನಾದದ್ದು ಸಾಕು. ಸಮ ಎಂದು ತೋರಿಸಲು ಇಸಿಎ, ಅಂದರೆ ನಿಮ್ಮ ಓದನ್ನು ಕೆನಡಾದ ಓದಿಗೆ ಹೋಲಿಸಿ ನೋಡುವ ವರದಿ ಮಾಡಿಸಬೇಕು, ಅದು ಐದು ವರ್ಷ ನಡೆಯುತ್ತದೆ. ನಮ್ಮವರಿಗೆ ತಡವಾಗುವುದು ಬಹುಪಾಲು ಇಲ್ಲಿಯೇ. ಅಂಕಪಟ್ಟಿಯ ಜೆರಾಕ್ಸ್ ಕಳಿಸಿದರೆ ಆಗದು, ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟನ್ನು ಮುದ್ರೆಯೊತ್ತಿ ಮುಚ್ಚಿದ ಲಕೋಟೆಯಲ್ಲಿ ಅಥವಾ ನೇರವಾಗಿ ಇಸಿಎ ಕೊಡುವ ಸಂಸ್ಥೆಗೆ ಕಳಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಕಚೇರಿ ವೇಗ ಎಲ್ಲರಿಗೂ ಗೊತ್ತಿರುವಂಥದ್ದೇ. ಆಫರ್ ಬಂದ ಮೇಲೆ ಶುರುಮಾಡಿದರೆ ಕಂಪನಿಯವರ ತಾಳ್ಮೆ ಮುಗಿದಿರುತ್ತದೆ. ಹುಡುಕಾಟದ ಮೊದಲೇ ಇದನ್ನು ಮುಗಿಸಿಟ್ಟುಕೊಳ್ಳಿ. ಪಿಯುಸಿವರೆಗೆ ಮಾತ್ರ ಓದಿದವರು, ಆ ಸಂಸ್ಥೆ ಪಿಯುಸಿಯನ್ನು ಪರಿಶೀಲಿಸುತ್ತದೆಯೇ ಎಂದು ಕೇಳಿಕೊಂಡೇ ಶುಲ್ಕ ಕಟ್ಟಿ.

ಕೆನಡಾದಲ್ಲಿ ಆಗಲೇ ವರ್ಕ್ ಪರ್ಮಿಟ್ ಮೇಲೆ ಕೆಲಸ ಮಾಡುತ್ತಿರುವವರು, ಹೋಗಿ ನೆಲೆಯೂರುವ ಖರ್ಚಿಗೆ ಹಣ ಇದೆ ಎಂದು ತೋರಿಸಬೇಕಿಲ್ಲ. ಉಳಿದವರು ತೋರಿಸಬೇಕು, ಆದರೆ ಎಕ್ಸ್‌ಪ್ರೆಸ್ ಎಂಟ್ರಿಯ ಕಾಲುಭಾಗದಷ್ಟೇ. 2025ರ ಪಟ್ಟಿಯಲ್ಲಿ ಒಬ್ಬರಿಗೆ ಸುಮಾರು 3,800 ಕೆನಡಾ ಡಾಲರ್, ನಾಲ್ವರ ಕುಟುಂಬಕ್ಕೆ ಏಳು ಸಾವಿರದ ಆಸುಪಾಸು. ಮೊತ್ತ ವರ್ಷ ವರ್ಷ ಬದಲಾಗುತ್ತದೆ. ಜೊತೆಗೆ ಬಾರದ ಹೆಂಡತಿ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಣ ಸಾಲದ್ದಾಗಿರಬಾರದು, ಅರ್ಜಿಗೆ ಮುಂಚಿನ ವಾರ ಮಾವನವರ ಖಾತೆಯಿಂದ ಬಂದು ಕೂತ ದೊಡ್ಡ ಮೊತ್ತಕ್ಕೆ ವಿವರಣೆ ಕೇಳುತ್ತಾರೆ.

ಆಫರ್ ಸಿಕ್ಕಿದ ಮೇಲೆ ಸೆಟಲ್‌ಮೆಂಟ್ ಪ್ಲಾನ್ ಮಾಡಿಸಬೇಕು. ಸರ್ಕಾರದ ನೆರವಿನ ಸಂಸ್ಥೆಗಳು ಇದನ್ನು ಪುಕ್ಕಟೆ ಮಾಡಿಕೊಡುತ್ತವೆ. ನೋವಾ ಸ್ಕೋಷಿಯಾದಲ್ಲಿ ಐಸಾನ್ಸ್, ಮಾಂಕ್ಟನ್‌ನಲ್ಲಿ ಮ್ಯಾಗ್ಮಾ ಅಂಥವು. ಮನೆ, ಮಕ್ಕಳ ಶಾಲೆ, ಆರೋಗ್ಯ ಕಾರ್ಡು ಇವೆಲ್ಲದರ ಬಗ್ಗೆ ಮಾತಾಡಿ ಒಂದು ಯೋಜನೆ ಬರೆದುಕೊಡುತ್ತಾರೆ. ಜೊತೆಗೆ ಬರುವ 18 ದಾಟಿದವರಿಗೂ ಇದು ಬೇಕು. ಇದಕ್ಕೆ ಯಾರಾದರೂ ಫೀ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇದೆಲ್ಲ ಕೈಗೆ ಬಂದ ಮೇಲೆ ಪ್ರಾಂತ್ಯಕ್ಕೆ ಎಂಡಾರ್ಸ್‌ಮೆಂಟ್, ಅಂದರೆ ಪ್ರಾಂತ್ಯದ ಒಪ್ಪಿಗೆ ಕೇಳುವ ಅರ್ಜಿ ಹಾಕುವುದು ಕಂಪನಿ, ನೀವಲ್ಲ. ಇತ್ತೀಚೆಗೆ ಇಕ್ಕಟ್ಟು ಇರುವುದೇ ಇಲ್ಲಿ. ನಾಲ್ಕೂ ಪ್ರಾಂತ್ಯ ಸೇರಿ ಎಐಪಿಯಲ್ಲಿ ವರ್ಷಕ್ಕೆ ಕರೆಸಿಕೊಳ್ಳುವ ಜನರ ಗುರಿ 2024ರಲ್ಲಿ 6,500 ಇದ್ದದ್ದು 2025ಕ್ಕೆ 5,000ಕ್ಕೆ ಇಳಿಯಿತು. ಪಾಲು ಕಡಿಮೆಯಾದಾಗ ಪ್ರಾಂತ್ಯಗಳು ಆರಿಸತೊಡಗುತ್ತವೆ. ನೋವಾ ಸ್ಕೋಷಿಯಾ 2024ರಲ್ಲಿ ಹೋಟೆಲು, ವಸತಿ ಉದ್ಯಮದ ಅರ್ಜಿಗಳನ್ನು ತಡೆಹಿಡಿಯಿತು. ನ್ಯೂಫೌಂಡ್‌ಲ್ಯಾಂಡ್ 2025ರಿಂದ ಮೊದಲು ಆಸಕ್ತಿ ತಿಳಿಸಿ, ಕರೆ ಬಂದರೆ ಮಾತ್ರ ಅರ್ಜಿ ಹಾಕುವ ಪದ್ಧತಿ ತಂದಿತು. ಅಂದರೆ ಎಲ್ಲ ಅರ್ಹತೆ ಇದ್ದರೂ ಎಂಡಾರ್ಸ್‌ಮೆಂಟ್ ಬರದೆ ಹೋಗಬಹುದು. ಆರೋಗ್ಯ, ಕಟ್ಟಡ ನಿರ್ಮಾಣದ ಕೆಲಸಗಾರರಿಗೆ ಹೋಟೆಲಿನವರಿಗಿಂತ ಬಾಗಿಲು ಅಗಲ.

ಎಂಡಾರ್ಸ್‌ಮೆಂಟ್ ಪತ್ರ ಬಂದ ಮೇಲೆ, ಅದರ ಅವಧಿ ಮುಗಿಯುವ ಮೊದಲು ಕೇಂದ್ರದ ಪಿಆರ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. 2024ರ ಏಪ್ರಿಲ್ 30ರಂದು ಬಂದ ದರದಲ್ಲಿ ಅರ್ಜಿ ಶುಲ್ಕ 950 ಡಾಲರ್, ಕಾಯಂ ನಿವಾಸದ ಹಕ್ಕಿನ ಶುಲ್ಕ 575 ಇತ್ತು. ಗಂಡ ಅಥವಾ ಹೆಂಡತಿಗೂ ಅಷ್ಟೇ, ಮಗುವಿಗೆ 260. ಎರಡು ವರ್ಷಕ್ಕೊಮ್ಮೆ ಇದು ಏರುತ್ತದೆ, ಕಟ್ಟುವ ದಿನದ ದರ ನೋಡಿಕೊಳ್ಳಿ. ಬೆರಳಚ್ಚಿಗೆ ಒಬ್ಬರಿಗೆ 85. ಪೊಲೀಸ್ ಪ್ರಮಾಣಪತ್ರ ಭಾರತದ್ದಾದರೆ ಪಾಸ್‌ಪೋರ್ಟ್ ಸೇವಾ ಮೂಲಕ. ಕಳೆದ ಹತ್ತು ವರ್ಷದಲ್ಲಿ ಒಂದೇ ಸಮನೆ ಆರು ತಿಂಗಳು ಕುವೈತಿನಲ್ಲೋ ದುಬೈಯಲ್ಲೋ ಇದ್ದಿದ್ದರೆ ಅಲ್ಲಿಂದಲೂ ಬೇಕು. ಕೊಲ್ಲಿಯಿಂದ ವಾಪಸ್ ಬಂದ ಮೇಲೆ ಅದನ್ನು ತರಿಸುವುದು ತಲೆನೋವು, ಹೊರಡುವ ಮೊದಲೇ ಮಾಡಿಸಿಕೊಂಡು ಬಂದರೆ ಅಷ್ಟು ಸುಲಭ.

ಅನುಭವದ ಪತ್ರದ ಬಗ್ಗೆ ಒಂದು ಮಾತು. ನಮ್ಮಲ್ಲಿ ಕೊಡುವ ರಿಲೀವಿಂಗ್ ಲೆಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ, ‘ಇವರ ನಡತೆ ಉತ್ತಮ’ ಎಂಬಷ್ಟೇ ಇರುತ್ತದೆ. ಅಧಿಕಾರಿಗೆ ಬೇಕಾದದ್ದು ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಏನೇನು ಕೆಲಸ ಮಾಡುತ್ತಿದ್ದಿರಿ ಎಂಬುದು, ಲೆಟರ್‌ಹೆಡ್ಡಿನಲ್ಲಿ, ಸಹಿಯೊಂದಿಗೆ. ಎನ್‌ಒಸಿ ಪಟ್ಟಿಯ ಸಾಲುಗಳನ್ನೇ ಎತ್ತಿ ಬರೆಸಿದರೆ ಅನುಮಾನ ಬರುತ್ತದೆ. ನಿಜವಾಗಿ ಮಾಡಿದ್ದನ್ನು ನಿಮ್ಮ ಕಂಪನಿಯ ಮಾತಿನಲ್ಲೇ ಬರೆಸಿ. ಸಂಬಳ ಬ್ಯಾಂಕಿಗೆ ಬಂದ ದಾಖಲೆಯನ್ನೂ ಜೊತೆಗಿಡಿ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಕುಟುಂಬದಲ್ಲಿ ಯಾರನ್ನೂ ಬಿಟ್ಟು ಬರೆಯಬೇಡಿ. ಅರ್ಜಿಯಲ್ಲಿ ಹೇಳದ ಮಗುವನ್ನು ಮುಂದೆ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳುವುದು ಬಹಳ ಕಷ್ಟವಾಗುತ್ತದೆ.

ಪಿಆರ್ ಬರುವವರೆಗೆ ಕಂಪನಿ ಕಾಯದಿದ್ದರೆ, ಪ್ರಾಂತ್ಯದ ಶಿಫಾರಸು ಪತ್ರದ ಮೇಲೆ ಎರಡು ವರ್ಷದವರೆಗಿನ ವರ್ಕ್ ಪರ್ಮಿಟ್ ಸಿಗುತ್ತದೆ. 90 ದಿನದೊಳಗೆ ಪಿಆರ್ ಅರ್ಜಿ ಹಾಕುತ್ತೇನೆಂದು ಒಪ್ಪಿಕೊಂಡಿರಬೇಕು. ಈ ಪರ್ಮಿಟ್ಟಿಗಾಗಿ ಕಂಪನಿಯ ಪಾಲಿಗಿರುವ 230 ಡಾಲರ್ ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ನಿಮ್ಮ ಸಂಬಳದಿಂದ ಮುರಿಯುವಂತಿಲ್ಲ. ಈ ಪರ್ಮಿಟ್ ಆ ಒಂದೇ ಕಂಪನಿಗೆ. ಅವರು ಕೆಲಸದಿಂದ ತೆಗೆದರೆ, ಅಥವಾ ನೀವೇ ಬಿಟ್ಟರೆ, ಪಿಆರ್ ಅರ್ಜಿಯ ಆಧಾರವೇ ಹೋಗುತ್ತದೆ. ಹೊಸ ಆಫರ್, ಹೊಸ ಎಂಡಾರ್ಸ್‌ಮೆಂಟ್, ಮತ್ತೆ ಮೊದಲಿನಿಂದ. ಇದು ಗೊತ್ತಿದ್ದೇ ಕೆಲವು ಮಾಲೀಕರು ಓವರ್‌ಟೈಮ್ ಕೊಡದೆ ದುಡಿಸುತ್ತಾರೆ. ಕಾರ್ಮಿಕ ಕಾನೂನು ವರ್ಕ್ ಪರ್ಮಿಟ್ಟಿನವರಿಗೂ ಅಷ್ಟೇ ಅನ್ವಯಿಸುತ್ತದೆ, ಪ್ರಾಂತ್ಯದ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಪರ್ಮಿಟ್ ಮುಗಿಯುವ ದಿನದ ಮೊದಲೇ ವಿಸ್ತರಣೆಗೆ ಹಾಕಿದರೆ ಉತ್ತರ ಬರುವವರೆಗೆ ಅದೇ ಷರತ್ತಿನಲ್ಲಿ ಕೆಲಸ ಮುಂದುವರಿಸಬಹುದು. ಒಂದು ದಿನ ತಡವಾದರೂ ಕೆಲಸ ನಿಲ್ಲಿಸಬೇಕು.

ಆಫರಿಗೆ ಲಕ್ಷಗಟ್ಟಲೆ ಕೇಳುವ ಏಜೆಂಟರು ಎಲ್ಲ ಊರಲ್ಲೂ ಇದ್ದಾರೆ. ಕೆಲಸ ಕೊಡಿಸಲು ಕೆಲಸಗಾರನಿಂದ ಹಣ ಪಡೆಯುವುದು ಅಲ್ಲಿ ಅಪರಾಧ. ಅರ್ಜಿ ತುಂಬಲು ಸಹಾಯ ಬೇಕಿದ್ದರೆ ಕೆನಡಾದ ವಕೀಲರು ಅಥವಾ ಇಮಿಗ್ರೇಷನ್ ಕನ್ಸಲ್ಟೆಂಟ್‌ಗಳ ‘ಕಾಲೇಜು’ ಎಂಬ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಇರುವವರು ಮಾತ್ರ ಶುಲ್ಕ ತೆಗೆದುಕೊಳ್ಳಬಹುದು. ಲೈಸೆನ್ಸ್ ನಂಬರನ್ನು ಆ ಕಾಲೇಜಿನ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು.

ಕೊನೆಗೆ ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ: ಪಿಆರ್ ಬಂದ ಮೇಲೆ ಟೊರಾಂಟೊಗೆ ಹೋಗಬಹುದೇ? ಪಿಆರ್ ಇರುವವರು ದೇಶದ ಯಾವ ಪ್ರಾಂತ್ಯದಲ್ಲಾದರೂ ಇರಲು ಅಲ್ಲಿಯ ಸಂವಿಧಾನವೇ ಹಕ್ಕು ಕೊಟ್ಟಿದೆ. ಆದರೆ ಅರ್ಜಿ ಹಾಕುವಾಗ ಅಟ್ಲಾಂಟಿಕ್ ಪ್ರಾಂತ್ಯದಲ್ಲಿ ನೆಲೆಸುವ ಉದ್ದೇಶ ನಿಜವಾಗಿ ಇರಬೇಕು. ಟೊರಾಂಟೊದಲ್ಲಿ ಮನೆ ಬಾಡಿಗೆಗೆ ಹಿಡಿದಿಟ್ಟು, ಹೆಂಡತಿಗೆ ಅಲ್ಲಿಯೇ ಕೆಲಸ ನೋಡಿಟ್ಟು ಅರ್ಜಿ ಹಾಕಿದವರಿಗೆ ಅಧಿಕಾರಿ ಅದನ್ನೇ ಕಾರಣ ಮಾಡಿ ಇಲ್ಲವೆನ್ನಬಹುದು. ನಂತರದ ನಿಯಮ ಎಲ್ಲ ಪಿಆರ್‌ಗಳಿಗೂ ಒಂದೇ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇದ್ದಿರಬೇಕು. ಊರಿಗೆ ಬಂದುಹೋದ ತಾರೀಖುಗಳನ್ನು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಕಾರ್ಡು ನವೀಕರಿಸುವಾಗ ಆ ಪಟ್ಟಿಯನ್ನೇ ಕೇಳುತ್ತಾರೆ.

ನಮಸ್ಕಾರ.